ರಾತ್ರಿ ಎರಡು ಗಂಟೆಗೆ ಯಾರು ಏಳುತ್ತಾರೆ? ವಯಸ್ಸಾದ ಅಪ್ಪ ಅಮ್ಮನಿಗೆ ಇರುವ ಜಾಗ ಆರಿಸುವ ಬಗೆ

"ಅಮ್ಮ ಇನ್ನು ಒಬ್ಬಳೇ ಇರೋದು ಕಷ್ಟ" ಅನ್ನುವ ಮಾತು ಮನೆಯಲ್ಲಿ ಎದ್ದರೆ ಸಾಕು, ಎರಡೇ ನಿಮಿಷದಲ್ಲಿ ಚರ್ಚೆ ಜಾಗದ ಮೇಲೆ ಹೋಗಿ ನಿಲ್ಲುತ್ತದೆ. ದೊಡ್ಡವನ ಮನೆಯೋ, ಮಗಳ ಮನೆಯೋ, ಊರೋ, ಬೆಂಗಳೂರೋ, ಯಾವುದಾದರೂ ಆಶ್ರಮವೋ. ನಿಜಕ್ಕೂ ಜಾಗ ಕೊನೆಗೆ ಬರಬೇಕಾದ ವಿಷಯ. ಅವರಿಗೆ ಯಾವ ಕೆಲಸಕ್ಕೆ ಇನ್ನೊಬ್ಬರ ಕೈ ಬೇಕು, ದಿನದ ಯಾವ ಹೊತ್ತಿನಲ್ಲಿ ಬೇಕು, ಆ ಕೈ ಯಾರದು ಎಂಬುದು ಮೊದಲು ತೀರ್ಮಾನವಾಗಬೇಕು. ಇದರಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ರಾತ್ರಿಯ ಲೆಕ್ಕ. ಹಗಲಿಗೆ ಹೇಗೋ ಜನ ಸಿಗುತ್ತಾರೆ. ಮನೆಕೆಲಸದವರು ಬರುತ್ತಾರೆ, ಪಕ್ಕದ ಮನೆಯವರು ಇಣುಕುತ್ತಾರೆ, ಹಾಲಿನವನಾದರೂ ಬಾಗಿಲು ತಟ್ಟುತ್ತಾನೆ. ರಾತ್ರಿ ಎರಡು ಗಂಟೆಗೆ ಅಪ್ಪ ಬಚ್ಚಲಿಗೆಂದು ಎದ್ದು ತತ್ತರಿಸಿದರೆ ಯಾರು ಏಳುತ್ತಾರೆ ಎಂದು ಕೇಳಿದಾಗ ಒಬ್ಬರ ಹೆಸರು ಬರಬೇಕು. "ಯಾರಾದ್ರೂ ಏಳ್ತಾರೆ ಬಿಡಿ" ಅನ್ನುವ ಉತ್ತರದ ಮೇಲೆ ಕಟ್ಟಿದ ಏರ್ಪಾಡು ಹೆಚ್ಚು ದಿನ ಬಾಳುವುದಿಲ್ಲ.

ಮೊದಲು ಒಂದು ವಾರದ ಟಿಪ್ಪಣಿ

ವೃದ್ಧಾಪ್ಯದ ಆರೈಕೆಯಲ್ಲಿ ದಿನನಿತ್ಯದ ಆರು ಕೆಲಸಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿ ಶುಚಿಯಾಗಿ ಬರುವುದು, ಹಾಸಿಗೆ ಕುರ್ಚಿಗಳಿಂದ ಏಳುವುದು, ಮಲಮೂತ್ರದ ಹತೋಟಿ, ತಾವೇ ಊಟ ಮಾಡುವುದು. ಸಾಮಾನ್ಯವಾಗಿ ಮೊದಲು ಕೈಬಿಡುವುದು ಸ್ನಾನ, ಕೊನೆಗೆ ಊಟ. ಇವಕ್ಕೂ ಮುಂಚೆಯೇ ಸಡಿಲವಾಗುವ ಇನ್ನೊಂದು ಗುಂಪಿದೆ: ಫೋನ್ ಬಳಕೆ, ಅಂಗಡಿ, ಅಡುಗೆ, ಮನೆಯ ಓರಣ, ಬಟ್ಟೆ ಒಗೆಯುವುದು, ಹೊರಗಿನ ಓಡಾಟ, ಔಷಧಿ, ಹಣಕಾಸು. ಈ ಹದಿನಾಲ್ಕನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಒಂದು ವಾರ ಪ್ರತಿಯೊಂದರ ಮುಂದೆಯೂ "ತಾವೇ", "ಪಕ್ಕದಲ್ಲಿ ಯಾರಾದರೂ ಇರಬೇಕು", "ಬೇರೆಯವರೇ ಮಾಡಬೇಕು" ಎಂದು ಗುರುತು ಹಾಕಿ. ನೆರವು ಬೇಕಾದ ಗಂಟೆಯನ್ನೂ ಬರೆಯಿರಿ.

ಫೋನಿನಲ್ಲಿ ಕೇಳಿದರೆ ಇದು ತಿಳಿಯುವುದಿಲ್ಲ. "ನಂಗೇನಾಗಿದೆ, ಚೆನ್ನಾಗೇ ಇದ್ದೀನಿ" ಎನ್ನುವುದು ಆ ತಲೆಮಾರಿನವರ ಸ್ವಭಾವ. ಮಕ್ಕಳಿಗೆ ಹೊರೆಯಾಗಬಾರದೆಂಬ ಹಟವೂ ಅದರಲ್ಲಿದೆ. ಹಾಗಾಗಿ ಹೋಗಿ ಕನಿಷ್ಠ ಮೂರು ರಾತ್ರಿ ಜೊತೆಗಿದ್ದು ನೋಡಬೇಕು. ಮಾತ್ರೆಯ ಸ್ಟ್ರಿಪ್ ಎಣಿಸಿ. ತಿಂಗಳ ಹದಿನೈದಕ್ಕೆ ಮುಗಿಯಬೇಕಿದ್ದ ಬಿಪಿ ಮಾತ್ರೆ ಇನ್ನೂ ಒಂಬತ್ತು ಉಳಿದಿದ್ದರೆ ಅದೊಂದು ಉತ್ತರ. ಫ್ರಿಜ್ಜಿನಲ್ಲಿ ಹುಳಿ ಬಂದ ಹಿಟ್ಟು, ತಳ ಸುಟ್ಟ ಹಾಲಿನ ಪಾತ್ರೆ, ಕಟ್ಟದೆ ಉಳಿದ ಕರೆಂಟ್ ಬಿಲ್ಲು, ಮೂರು ದಿನದಿಂದ ಅದೇ ಸೀರೆ: ಇವು ಯಾವ ತಪಾಸಣೆಗಿಂತಲೂ ಚೆನ್ನಾಗಿ ಮಾತಾಡುತ್ತವೆ. ನಡಿಗೆಯ ಸ್ಥಿರತೆ ನೋಡಲು ಸುಲಭದ ಪರೀಕ್ಷೆಯೊಂದಿದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ಮಾಮೂಲಿ ವೇಗದಲ್ಲಿ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು ಹೇಳಿ. ಇದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆಯೆಂದು ತಿಳಿದು ವೈದ್ಯರ ಬಳಿ ಹೋಗಬೇಕು.

ಟಿಪ್ಪಣಿ ಕೈಯಲ್ಲಿದ್ದರೆ ಅರ್ಧ ತೀರ್ಮಾನ ಆದಂತೆಯೇ. ಎರಡನೇ ಗುಂಪಿನ ಕೆಲಸಗಳಷ್ಟೇ ಸಡಿಲವಾಗಿದ್ದರೆ ದಿನಕ್ಕೆ ಎರಡು ಮೂರು ಗಂಟೆಯ ನೆರವು ಸಾಕು; ಅವರು ಇರುವಲ್ಲೇ ಇರಬಹುದು. ಸ್ನಾನಕ್ಕೆ, ಏಳುವುದಕ್ಕೆ ಕೈ ಬೇಕಾದರೆ ಹಗಲಿಡೀ ಒಬ್ಬರು ಬೇಕು. ರಾತ್ರಿಯ ಶೌಚಕ್ಕೆ ನೆರವು ಬೇಕಾದರೆ ಅಥವಾ ಮರೆವಿನಿಂದ ಗ್ಯಾಸ್ ಆರಿಸದೆ ಬಿಡುವುದು, ಬಾಗಿಲು ತೆಗೆದು ಹೊರಟುಬಿಡುವುದು ಶುರುವಾಗಿದ್ದರೆ, ವಾರದ 168 ಗಂಟೆಗೂ ಒಬ್ಬರು ಹೊಣೆ ಹೊರಬೇಕು. ಮನೆ ಮಂದಿಯಲ್ಲಿ ಯಾರೂ ತಪ್ಪಿತಸ್ಥರಲ್ಲದೆಯೂ ಈ ಗಂಟೆಗಳು ತುಂಬದೇ ಉಳಿಯಬಹುದು. ಅದನ್ನು ಒಪ್ಪಿಕೊಂಡ ಮನೆಗಳಲ್ಲಿ ಜಗಳ ಕಡಿಮೆ.

ಇರುವ ಮನೆಯಲ್ಲೇ ಇರುವುದಾದರೆ

ಬಹಳ ಜನ ಹಿರಿಯರ ಆಸೆ ಇದೇ, ಅದಕ್ಕೆ ಕಾರಣವೂ ಇದೆ. ನಲವತ್ತು ವರ್ಷ ಬಾಳಿದ ಮನೆಯಲ್ಲಿ ಕತ್ತಲಲ್ಲೂ ಸ್ವಿಚ್ಚು ಎಲ್ಲಿದೆಯೆಂದು ಕೈಗೆ ಗೊತ್ತಿರುತ್ತದೆ. ತರಕಾರಿಯವಳಿಗೆ ಅವರ ಹೆಸರು ಗೊತ್ತಿರುತ್ತದೆ. ಆದರೆ ಮೂವತ್ತರ ವಯಸ್ಸಿನಲ್ಲಿ ಕಟ್ಟಿಸಿದ ಮನೆ ಎಂಬತ್ತರ ಕಾಲಿಗೆ ಹೊಂದುವುದಿಲ್ಲ. ರಿಪೇರಿಗೆ ದುಡ್ಡು ಕಡಿಮೆಯಿದ್ದರೆ ಎಲ್ಲವನ್ನೂ ಬಚ್ಚಲಿಗೇ ಹಾಕಿ.

ಬಚ್ಚಲ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಮೊದಲು ಅದನ್ನು ಬದಲಿಸಬೇಕು. ಒಳಗೆ ಬಿದ್ದವರ ದೇಹ ಬಾಗಿಲಿಗೆ ಅಡ್ಡವಾಗುತ್ತದೆ. ಹೊರಗಿನಿಂದ ತಳ್ಳಿದಷ್ಟೂ ಅವರಿಗೇ ಒತ್ತುತ್ತದೆ, ಕೊನೆಗೆ ಬಾಗಿಲು ಒಡೆಯಬೇಕಾಗುತ್ತದೆ. ಹೊರಕ್ಕೆ ತೆರೆಯುವ ಬಾಗಿಲು, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಇರಲಿ. ಎರಡನೆಯದು ಕಮೋಡ್. ಕುಕ್ಕರಗಾಲಲ್ಲಿ ಕೂತು ಏಳುವುದು ಮಂಡಿ ಸವೆದವರಿಗೆ ಹಿಂಸೆ. ಕಮೋಡಿನ ಸೀಟು ನೆಲದಿಂದ 45ರಿಂದ 48 ಸೆಂಟಿಮೀಟರ್ ಎತ್ತರವಿದ್ದರೆ ಪಾದ ನೆಲಕ್ಕೆ ಊರಿ ಏಳಬಹುದು. ಈಗಿರುವುದು ತಗ್ಗಾಗಿದ್ದರೆ ಒಡೆಯಬೇಕಿಲ್ಲ, ಮೇಲೆ ಕೂರಿಸುವ ಎತ್ತರದ ಸೀಟು ಮೆಡಿಕಲ್ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ.

ಹಿಡಿಕಂಬಿಯಲ್ಲಿ ಆಗುವ ತಪ್ಪೇ ಹೆಚ್ಚು. ಗಾಳಿ ಹೀರಿ ಅಂಟಿಕೊಳ್ಳುವ ಪ್ಲಾಸ್ಟಿಕ್ ಹಿಡಿಕೆಗಳು ಒದ್ದೆ ಟೈಲ್ಸ್ ಮೇಲೆ ಯಾವಾಗ ಬಿಡುತ್ತವೆ ಹೇಳಲಾಗದು. ಅದನ್ನು ನಂಬಿ ಭಾರ ಹಾಕಿದ ಕ್ಷಣದಲ್ಲೇ ಬಿಡುತ್ತವೆ. ಟವೆಲ್ ಹಾಕುವ ರಾಡೂ ಮನುಷ್ಯನ ಭಾರಕ್ಕಲ್ಲ. ಸ್ಟೀಲ್ ಕೊಳವೆ, ಮುಷ್ಟಿಗೆ ಸರಿಹೋಗುವ 32ರಿಂದ 38 ಮಿಲಿಮೀಟರ್ ದಪ್ಪ, ಗೋಡೆಯಿಂದ ಸುಮಾರು 40 ಮಿಲಿಮೀಟರ್ ಅಂತರ. ಅಂತರ ಇದಕ್ಕಿಂತ ಹೆಚ್ಚಾದರೆ ಜಾರಿದಾಗ ಮುಂಗೈ ಒಳಗೆ ಸಿಕ್ಕಿಕೊಳ್ಳುತ್ತದೆ. ಇಟ್ಟಿಗೆ ಗೋಡೆಗೆ ಆಂಕರ್ ಬೋಲ್ಟ್ ಹೊಡೆಸಿ. ಟೈಲ್ಸಿನಲ್ಲೇ ನಿಲ್ಲುವ ಸಣ್ಣ ಪ್ಲಾಸ್ಟಿಕ್ ಪ್ಲಗ್ಗು ವರ್ಷದೊಳಗೆ ಸಡಿಲವಾಗುತ್ತದೆ. ಹಾಕಿಸಿದ ದಿನವೇ ಮನೆಯ ದಪ್ಪ ಆಳು ಪೂರ್ತಿ ಭಾರ ಬಿಟ್ಟು ಜೋತು ನೋಡಲಿ. ಒಂದು ಕಂಬಿ ಕಮೋಡಿನ ಪಕ್ಕ, ಇನ್ನೊಂದು ಸ್ನಾನದ ಜಾಗದಲ್ಲಿ. ಮೂರನೆಯದು ಬಾಗಿಲ ಬಳಿ ಲಂಬವಾಗಿರಲಿ, ಒದ್ದೆ ಕಾಲಲ್ಲಿ ಹೊರಗೆ ಹೆಜ್ಜೆ ಇಡುವಾಗ ಹಿಡಿಯಲು.

ನಮ್ಮ ಕಡೆಯ ಸ್ನಾನ ಬಕೆಟ್ಟು ಚೊಂಬಿನದು. ತುಂಬಿದ 20 ಲೀಟರ್ ಬಕೆಟ್ಟು 20 ಕಿಲೋ ಭಾರ. ಅದನ್ನು ಎಳೆಯಲು ಬಗ್ಗಿದಾಗಲೇ ಎಷ್ಟೋ ಜನ ಮುಗ್ಗರಿಸುವುದು. ರಬ್ಬರ್ ಕಾಲಿನ ಸ್ನಾನದ ಕುರ್ಚಿ, ಕೈಯಲ್ಲಿ ಹಿಡಿಯುವ ಶವರ್ ಇದ್ದರೆ ಬಗ್ಗುವುದೇ ತಪ್ಪುತ್ತದೆ. ಚೊಂಬೇ ಬೇಕೆನ್ನುವವರಿಗೆ ಬಕೆಟ್ಟನ್ನು ಗಟ್ಟಿ ಸ್ಟೂಲಿನ ಮೇಲಿಡಿ. ನೆಲಕ್ಕೆ ಒರಟು ಟೈಲ್ಸ್ ಹಾಕಿಸಿ. ರಾತ್ರಿ ಮಲಗುವ ಮುನ್ನ ನೆಲ ಒರೆಸಿ ಒಣಗಿಸುವ ಅಭ್ಯಾಸ ಅದಕ್ಕಿಂತ ಮುಖ್ಯ.

ಹೊಸ್ತಿಲ ವಿಷಯ ನಾಜೂಕಿನದು. ಎಡವಲು ಇದಕ್ಕಿಂತ ಸರಿಯಾದ ಎತ್ತರ ಇನ್ನೊಂದಿಲ್ಲ, ಆದರೆ ದಿನಾ ಅರಿಸಿನ ಕುಂಕುಮ ಹಚ್ಚಿ ಪೂಜಿಸಿದ ಹೊಸ್ತಿಲನ್ನು ಕಿತ್ತುಹಾಕಿ ಎಂದರೆ ಅಮ್ಮ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಎದುರುಬಾಗಿಲಿನದ್ದು ಇರಲಿ, ಪಕ್ಕದಲ್ಲೊಂದು ಹಿಡಿಕಂಬಿ ಹಾಕಿಸಿ. ಒಳಕೋಣೆಗಳ ಹೊಸ್ತಿಲು ಮಾತ್ರ ತೆಗೆಸಿ ಅಥವಾ ಎರಡೂ ಬದಿಗೆ ಇಳಿಜಾರು ಪಟ್ಟಿ ಕೊಡಿಸಿ. ಗಾಲಿಕುರ್ಚಿ ಬರುವ ಸಾಧ್ಯತೆ ಇದ್ದರೆ ಈಗಲೇ ಟೇಪು ಹಿಡಿದು ಅಳೆಯಿರಿ. ಕುರ್ಚಿಯ ಅಗಲವೇ ಸುಮಾರು 65 ಸೆಂಟಿಮೀಟರ್. ಚಕ್ರ ತಳ್ಳುವ ಕೈಗೂ ಜಾಗ ಬೇಕಾದ್ದರಿಂದ ಬಾಗಿಲ ಒಳ ಅಳತೆ 80 ಇರಲೇಬೇಕು, 90 ಇದ್ದರೆ ಉತ್ತಮ. ಹಳೆಯ ಮನೆಗಳ ಬಚ್ಚಲ ಬಾಗಿಲು ಇದಕ್ಕೆ ಸಾಲುವುದು ಅಪರೂಪ. ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು: ಅರ್ಧ ಅಡಿಯ ಮೂರು ಮೆಟ್ಟಿಲು ಇದ್ದರೆ 18 ಅಡಿ ಉದ್ದದ ಇಳಿಜಾರು ಬೇಕು. ಜಾಗ ಸಾಲದೆಂದು ಆರು ಅಡಿಯಲ್ಲಿ ಕಡಿದಾಗಿ ಹಾಕಿಸಿದರೆ ಅದು ಮೆಟ್ಟಿಲಿಗಿಂತ ಅಪಾಯ.

ಮಲೆನಾಡಿನ ತೋಟದ ನಡುವಿನ ಒಂಟಿಮನೆಗಳಿಗೆ ಬೇರೆಯದೇ ಪರೀಕ್ಷೆಯಿದೆ. ಮಳೆಗಾಲದಲ್ಲಿ ಕರೆಂಟು ಹೋಗಿ, ಸಿಗ್ನಲ್ ಇಲ್ಲದೆ, ದಾರಿಗೆ ಮರ ಬಿದ್ದಿರುವ ದಿನ ಎದೆನೋವು ಬಂದರೆ ಆಸ್ಪತ್ರೆ ತಲುಪಲು ಎಷ್ಟು ಹೊತ್ತು? ಬೇಸಿಗೆಯ ಲೆಕ್ಕ ಹಿಡಿದು ತೀರ್ಮಾನಿಸಬೇಡಿ. ವರ್ಷವಿಡೀ ಅಲ್ಲಿರಲಾಗದು ಎನಿಸಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಟೆಯಲ್ಲಿ, ಉಳಿದ ತಿಂಗಳು ತೋಟದಲ್ಲಿ ಎಂಬ ಹೊಂದಾಣಿಕೆಯನ್ನು ಹಿರಿಯರೂ ಸುಲಭವಾಗಿ ಒಪ್ಪುತ್ತಾರೆ.

ಹೋಮ್ ನರ್ಸ್ ಇಟ್ಟರೆ ಮುಗಿಯಿತೇ?

ಮನೆಗೆ ಬರುವವರಲ್ಲಿ ಎರಡು ಬಗೆ. ಸ್ನಾನ, ಊಟ, ಡೈಪರ್, ಓಡಾಟ ನೋಡಿಕೊಳ್ಳುವ ಆಯಾ ಅಥವಾ ಅಟೆಂಡರ್ ಒಬ್ಬರು. ಇಂಜೆಕ್ಷನ್, ಮೂಗಿನ ನಳಿಕೆ, ಮೂತ್ರ ಹೋಗಲು ಹಾಕುವ ಕ್ಯಾಥೆಟರ್, ಗಾಯದ ಡ್ರೆಸ್ಸಿಂಗ್ ಮಾಡಬಲ್ಲ ತರಬೇತಾದ ನರ್ಸ್ ಇನ್ನೊಬ್ಬರು. ಬಾಯಿಮಾತಿನಲ್ಲಿ ಇಬ್ಬರನ್ನೂ ಹೋಮ್ ನರ್ಸ್ ಅನ್ನುತ್ತೇವೆ, ಗೊಂದಲ ಅಲ್ಲಿಂದಲೇ ಶುರು. ಮೊದಲನೆಯವರ ಕೈಯಲ್ಲಿ ಎರಡನೆಯವರ ಕೆಲಸ ಮಾಡಿಸಬಾರದು. ನಳಿಕೆಯಲ್ಲಿ ಕೊಟ್ಟ ಗಂಜಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

"24 ಗಂಟೆಯ ಆಯಾ" ಎಂಬ ಮಾತನ್ನೂ ಸರಿಯಾಗಿ ಅರ್ಥ ಮಾಡಿಕೊಳ್ಳಿ. ಅವರೂ ಮನುಷ್ಯರೇ, ರಾತ್ರಿ ನಿದ್ದೆ ಬೇಕು. ಅಜ್ಜಿ ರಾತ್ರಿಗೆ ಒಂದು ಸಲ ಎದ್ದರೆ ಒಬ್ಬ ಆಯಾ ಸಾಕು. ಮೂರು ನಾಲ್ಕು ಸಲ ಎಬ್ಬಿಸುವಂತಿದ್ದರೆ, ಅಥವಾ ಹಾಸಿಗೆ ಹಿಡಿದವರನ್ನು ಒತ್ತುಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕಿದ್ದರೆ, 12 ಗಂಟೆಯ ಎರಡು ಪಾಳಿಯೇ ಬೇಕು. ಇದನ್ನು ಉಳಿಸಲು ಹೋದ ಮನೆಗಳಲ್ಲಿ ಆಯಾ ಒಂದು ಬೆಳಿಗ್ಗೆ ಹೇಳದೆ ಹೋಗಿಬಿಡುತ್ತಾಳೆ. ತಪ್ಪು ಅವಳದ್ದಲ್ಲ. ಏಜೆನ್ಸಿಯಿಂದ ಕರೆಸುವಾಗ ಅವಳು ರಜೆ ಹಾಕಿದರೆ ಎಷ್ಟು ಗಂಟೆಯೊಳಗೆ ಬದಲಿ ಬರುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಪೊಲೀಸ್ ಪರಿಶೀಲನೆ ಆಗಿರಲಿ. ಒಡವೆ, ಎಟಿಎಂ ಕಾರ್ಡು ಮೊದಲ ದಿನವೇ ಮನೆಯಿಂದ ಆಚೆ ಹೋಗಲಿ, ಇದು ಇಬ್ಬರ ಮರ್ಯಾದೆಗೂ ಒಳ್ಳೆಯದು. ವಾರಕ್ಕೊಮ್ಮೆ ಹೇಳದೆ ಕೇಳದೆ ಮನೆಗೆ ಹೋಗಿ ಬರುವ ಬಂಧುವೊಬ್ಬರಿಲ್ಲದೆ ಈ ಏರ್ಪಾಡು ಬೇಡ.

ಮಕ್ಕಳ ಮನೆ

"ಆರು ತಿಂಗಳು ದೊಡ್ಡವನಲ್ಲಿ, ಆರು ತಿಂಗಳು ಚಿಕ್ಕವನಲ್ಲಿ" ಎಂಬ ವಂತಿನ ಪದ್ಧತಿ ನ್ಯಾಯದಂತೆ ಕಾಣುತ್ತದೆ. ಮಕ್ಕಳಿಗೆ ನ್ಯಾಯ ನಿಜ, ಹಿರಿಯರಿಗೆ ಅಲ್ಲ. ಪ್ರತಿ ಬಾರಿಯೂ ವೈದ್ಯರು ಬದಲಾಗುತ್ತಾರೆ, ಹಳೆಯ ಫೈಲು ಇನ್ನೊಂದು ಮನೆಯಲ್ಲಿ ಉಳಿಯುತ್ತದೆ, ಒಬ್ಬ ವೈದ್ಯರು ನಿಲ್ಲಿಸಿದ ಮಾತ್ರೆ ಇನ್ನೊಬ್ಬರಲ್ಲಿ ಮತ್ತೆ ಶುರುವಾಗುತ್ತದೆ. ಮರೆವು ಶುರುವಾದವರಿಗಂತೂ ಬಚ್ಚಲು ಯಾವ ಕಡೆ ಎಂದು ಕಲಿಯುವಷ್ಟರಲ್ಲಿ ಗಂಟು ಕಟ್ಟುವ ದಿನ ಬಂದಿರುತ್ತದೆ. ಅಪ್ಪನನ್ನು ಒಬ್ಬ ಮಗ, ಅಮ್ಮನನ್ನು ಇನ್ನೊಬ್ಬ ಹಂಚಿಕೊಳ್ಳುವುದು ಇದಕ್ಕಿಂತ ಕ್ರೂರ. ಐವತ್ತು ವರ್ಷ ಜೊತೆಗಿದ್ದವರನ್ನು ಆಸ್ತಿಯಂತೆ ಪಾಲು ಮಾಡಬಾರದು. ಒಂದು ಮನೆ ಖಾಯಂ ಆಗಿರಲಿ, ಉಳಿದ ಮಕ್ಕಳು ಹಣ ಮತ್ತು ಸಮಯ ಕೊಡಲಿ. ಪಾಲು ಮಾಡಬೇಕಾದ್ದು ಹೊಣೆಯನ್ನು.

ಹೊಣೆಯೆಂದರೆ ಬಹುಪಾಲು ಮನೆಗಳಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಬೀಳುವ ಕೆಲಸ, ಸೊಸೆ ಅಥವಾ ಮಗಳು. ಆಕೆಯ ಒಪ್ಪಿಗೆ ಕೇಳದೆ ಗಂಡಸರು ಕೂತು ಮಾಡುವ ತೀರ್ಮಾನ ಮುಂದೆ ಮುರಿಯುತ್ತದೆ. ಆಕೆಗೆ ವಾರಕ್ಕೊಂದು ಪೂರ್ತಿ ದಿನ ಬಿಡುವು, ವರ್ಷಕ್ಕೆ ಎರಡು ವಾರ ರಜೆ. ಆ ದಿನ ಯಾರು ಬರುತ್ತಾರೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆದು ಎಲ್ಲರೂ ತಿಂಗಳ ಮೊದಲ ವಾರ ತಮ್ಮ ಪಾಲು ಹಾಕಲಿ. ಬಿಲ್ಲು ಮುಂದಿಟ್ಟು ಕೇಳುವ ಪರಿಸ್ಥಿತಿ ನೋಡಿಕೊಳ್ಳುವವರಿಗೆ ಬರಬಾರದು.

ಮಕ್ಕಳ ಮನೆಯ ಒಳಗೇ ಇರಬೇಕೆಂದೇನೂ ಇಲ್ಲ. ಹತ್ತು ನಿಮಿಷದ ನಡಿಗೆಯಲ್ಲಿ, ನೆಲಮಹಡಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ಅಲ್ಲಿಗೆ ಅಪ್ಪ ಅಮ್ಮನನ್ನು ತರುವುದು ಎಷ್ಟೋ ಕುಟುಂಬಗಳಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಅವರ ಅಡುಗೆ, ಅವರ ಪೂಜೆ, ಅವರ ಟಿವಿ ಅವರದೇ, ಸಂಜೆಗೆ ಮೊಮ್ಮಕ್ಕಳು. ಇಬ್ಬರೂ ಗಟ್ಟಿಮುಟ್ಟಾಗಿರುವಾಗ ಇದನ್ನೇ ಮೊದಲು ಯೋಚಿಸಿ.

ವಿದೇಶದಲ್ಲಿರುವ ಮಕ್ಕಳು ಅಲ್ಲಿಗೇ ಕರೆಸಿಕೊಳ್ಳುವ ಮಾತಾಡುವಾಗ ವೀಸಾಕ್ಕಿಂತ ಮೊದಲು ಆರೋಗ್ಯ ವಿಮೆ ನೋಡಬೇಕು. ಮಕ್ಕಳಿರುವ ಅಪ್ಪ ಅಮ್ಮ, ಅಜ್ಜ ಅಜ್ಜಿಯರಿಗೆಂದು ಕೆನಡಾ ಕೊಡುವ ಸೂಪರ್ ವೀಸಾದಲ್ಲಿ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು, ಆದರೆ ಕನಿಷ್ಠ ಒಂದು ಲಕ್ಷ ಕೆನಡಿಯನ್ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ಮೊದಲೇ ಇರುವ ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ಇಂಥ ಪಾಲಿಸಿಗಳು ಎಷ್ಟು ಭರಿಸುತ್ತವೆ ಎಂಬ ಸಾಲನ್ನು ಓದದೆ ಟಿಕೆಟ್ ತೆಗೆಯಬೇಡಿ. ಹಿಮದ ಊರಿನಲ್ಲಿ ಕಾರು ಓಡಿಸಲು ಬಾರದ ಹಿರಿಯರಿಗೆ ಹಗಲೆಂದರೆ ಒಂದು ಕಿಟಕಿ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಣ ಕೊಟ್ಟು ಇರುವ ಜಾಗಗಳು

ಎಲ್ಲಕ್ಕೂ "ವೃದ್ಧಾಶ್ರಮ" ಅನ್ನುವ ಒಂದೇ ಪದ ಬಳಸುವುದರಿಂದ ಬಹಳ ತಪ್ಪಾಗುತ್ತದೆ. ತಾವೇ ಓಡಾಡಿಕೊಂಡಿರುವವರಿಗೆ ಕಟ್ಟಿದ ನಿವೃತ್ತರ ವಸತಿ ಸಮುಚ್ಚಯಗಳಲ್ಲಿ ಫ್ಲಾಟು, ಊಟದ ಹಾಲು, ಕರೆಗಂಟೆ, ಆಂಬುಲೆನ್ಸ್ ಇರುತ್ತವೆ. ಸ್ನಾನ ಮಾಡಿಸುವವರು ಇರುವುದಿಲ್ಲ, ಬೇಕಾದರೆ ಬೇರೆ ಹಣ. ಅಸಿಸ್ಟೆಡ್ ಲಿವಿಂಗ್ ಎಂಬಲ್ಲಿ ಸ್ನಾನ, ಔಷಧಿ, ಓಡಾಟಕ್ಕೆ ಸಿಬ್ಬಂದಿ ಇರುತ್ತಾರೆ. ಹಾಸಿಗೆ ಹಿಡಿದವರ ಶುಶ್ರೂಷಾ ಕೇಂದ್ರ ಬೇರೆ, ಡಿಮೆನ್ಶಿಯಾ (ಮರೆವಿನ ಕಾಯಿಲೆ) ಆರೈಕೆ ಕೇಂದ್ರ ಬೇರೆ. ನಿರ್ಗತಿಕರಿಗೆಂದು ಸರ್ಕಾರದ ನೆರವಿನಿಂದ ಅಥವಾ ದಾನದಿಂದ ನಡೆಯುವ ಉಚಿತ ಆಶ್ರಮಗಳು ಇನ್ನೊಂದು ಬಗೆ. ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವ ಹಗಲು ಆರೈಕೆ ಕೇಂದ್ರಗಳೂ ದೊಡ್ಡ ಊರುಗಳಲ್ಲಿವೆ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಇದು ವರದಾನ. ನಿಮ್ಮ ವಾರದ ಟಿಪ್ಪಣಿ ಯಾವುದಕ್ಕೆ ಹೊಂದುತ್ತದೆ ನೋಡಿ. ಮರೆವಿನ ಕಾಯಿಲೆಯವರನ್ನು ನಿವೃತ್ತರ ಫ್ಲಾಟಿನಲ್ಲಿ ಬಿಟ್ಟರೆ ನಾಲ್ಕೇ ತಿಂಗಳಿಗೆ "ನಿಮ್ಮವರನ್ನು ಕರೆದುಕೊಂಡು ಹೋಗಿ" ಎಂಬ ಫೋನು ಬರುತ್ತದೆ.

ನೋಡಲು ಹೋಗುವಾಗ ಎರಡು ಸಲ ಹೋಗಿ. ಒಮ್ಮೆ ಹೇಳಿ, ಮಧ್ಯಾಹ್ನದ ಊಟಕ್ಕೆ. ಇನ್ನೊಮ್ಮೆ ಹೇಳದೆ, ಸಂಜೆ ಏಳರ ಸುಮಾರಿಗೆ. ಹಗಲಿನ ಸಿಬ್ಬಂದಿ ಹೋಗಿ ರಾತ್ರಿಯವರು ಬರುವ ಆ ಹೊತ್ತಿನಲ್ಲಿ ಜಾಗದ ನಿಜ ಬಣ್ಣ ಕಾಣುತ್ತದೆ. ಯಾವುದಾದರೂ ಹಾಸಿಗೆಯ ಪಕ್ಕದ ಕರೆಗಂಟೆ ಒತ್ತಿ, ಗಡಿಯಾರ ನೋಡಿ. ಐದು ನಿಮಿಷವಾದರೂ ಯಾರೂ ಬರದಿದ್ದರೆ ರಾತ್ರಿ ಬರುವುದಿಲ್ಲ. ಕರೆಗಂಟೆ ಮಲಗಿದವರ ಕೈಗೆ ಎಟುಕುತ್ತದೆಯೇ, ನೀರಿನ ಲೋಟ ಎಟುಕುತ್ತದೆಯೇ ಗಮನಿಸಿ. ಅಲ್ಲಿರುವವರ ಉಗುರು ನೋಡಿ. ಫಿನಾಯಿಲ್ ವಾಸನೆಯ ಕೆಳಗೆ ಮೂತ್ರದ ವಾಸನೆ ಇದ್ದರೆ ಡೈಪರ್ ಹೊತ್ತಿಗೆ ಸರಿಯಾಗಿ ಬದಲಿಸುತ್ತಿಲ್ಲ ಎಂದರ್ಥ. ಔಷಧಿ ಕೊಟ್ಟ ದಾಖಲೆ ಪುಸ್ತಕ ತೋರಿಸಿ ಎನ್ನಿ. ಅದರಲ್ಲಿ ಇಡೀ ವಾರದ ಸಹಿ ಒಂದೇ ಪೆನ್ನಿನಲ್ಲಿ ಒಂದೇ ಸಲಕ್ಕೆ ಹಾಕಿದಂತಿದ್ದರೆ ಹೊರಟುಬಿಡಿ. ಕೊನೆಗೆ ಕೇಳಬೇಕಾದ್ದು: ರಾತ್ರಿ ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ ಎಚ್ಚರವಾಗಿರುತ್ತಾರೆ? "ಒಬ್ಬರು ಇಲ್ಲೇ ಮಲಗಿರ್ತಾರೆ" ಎಂಬುದು ಉತ್ತರವಲ್ಲ.

ಭಾಷೆಯ ವಿಷಯವನ್ನು ಮಕ್ಕಳು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಡಿಮೆನ್ಶಿಯಾ ಬೆಳೆದಂತೆ ಆಮೇಲೆ ಕಲಿತ ಭಾಷೆಗಳು ಸಾಮಾನ್ಯವಾಗಿ ಮೊದಲು ಜಾರುತ್ತವೆ. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಆಫೀಸು ನಡೆಸಿದವರೂ ಬಾಲ್ಯದ ತುಳು, ಕೊಂಕಣಿ, ಹವ್ಯಕ ಕನ್ನಡಕ್ಕೆ ಮರಳುತ್ತಾರೆ. ಬೆಂಗಳೂರಿನ ಹಲವು ಕೇಂದ್ರಗಳಲ್ಲಿ ಸಿಬ್ಬಂದಿ ಹೊರರಾಜ್ಯಗಳಿಂದ ಬಂದವರು. "ಹೊಟ್ಟೆ ಉಬ್ಬರಿಸ್ತಿದೆ" ಎಂದು ಅಜ್ಜಿ ಹೇಳಿದ್ದು ಆಯಾಗೆ ತಿಳಿಯದಿದ್ದರೆ ಅಜ್ಜಿ ಊಟ ಬಿಡುತ್ತಾಳೆ. ದಾಖಲೆಯಲ್ಲಿ "ಹಟ ಮಾಡುತ್ತಾರೆ" ಎಂದು ಬರುತ್ತದೆ, ಆಮೇಲೆ ನಿದ್ದೆ ಮಾತ್ರೆ ಬರುತ್ತದೆ. ಪ್ರತಿ ಪಾಳಿಯಲ್ಲೂ ಕನ್ನಡ ಬಲ್ಲವರೊಬ್ಬರು ಇರುತ್ತಾರೆಯೇ ಎಂದು ಕೇಳಿ. ಊಟವೂ ಹಾಗೆಯೇ. ಜೋಳದ ರೊಟ್ಟಿಯಲ್ಲಿ ಬೆಳೆದ ಧಾರವಾಡದ ಹಲ್ಲಿಲ್ಲದ ಅಜ್ಜನಿಗೆ ರೊಟ್ಟಿ ನೆನೆಸಿ ಕೊಡುತ್ತಾರೆಯೇ, ಮುದ್ದೆ ಇಲ್ಲದೆ ಊಟವಾಗದವರಿಗೆ ವಾರಕ್ಕೆರಡು ಸಲವಾದರೂ ಸಿಗುತ್ತದೆಯೇ, ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ ಇದೆಯೇ. ತೂಕ ಇಳಿಯುವುದು ಇಲ್ಲಿಂದಲೇ. ಸೇರಿಸಿದ ದಿನದ ತೂಕ ಬರೆದಿಟ್ಟು ತಿಂಗಳಿಗೊಮ್ಮೆ ತೂಗಿಸಿ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಬಿಡುವಾಗಿನ ಷರತ್ತುಗಳನ್ನು ಓದಿ, ಸೇರುವಾಗಿನವು ಹೇಗೂ ಚೆನ್ನಾಗೇ ಇರುತ್ತವೆ. ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್, ಅದರಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ? ಆಸ್ಪತ್ರೆ ಸೇರಿದ ದಿನಗಳಿಗೂ ಪೂರ್ತಿ ಶುಲ್ಕವೇ? ಯಾವ ಸ್ಥಿತಿ ಬಂದರೆ ಹೊರಗೆ ಕಳಿಸುತ್ತಾರೆ? ದಂಪತಿಯಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರು ಅದೇ ಕೋಣೆಯಲ್ಲಿ ಇರಬಹುದೇ? ಫ್ಲಾಟನ್ನೇ ಕೊಳ್ಳುವುದಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನೋಡಿ, ಮತ್ತೆ ಮಾರುವಾಗ ಯಾರಿಗೆ ಮಾರಬಹುದು, ವರ್ಗಾವಣೆ ಶುಲ್ಕ ಎಷ್ಟು ಎಂಬುದನ್ನೂ. ಇಂಥ ವಸತಿಗಳಿಗೆ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ; ಅದರಲ್ಲಿರುವ ಸೌಲಭ್ಯಗಳನ್ನು ಹಿಡಿದು ಬಿಲ್ಡರನ್ನು ಪ್ರಶ್ನಿಸಬಹುದು.

ಖರ್ಚನ್ನು ಈ ತಿಂಗಳಿಗಲ್ಲ, ಹತ್ತು ವರ್ಷಕ್ಕೆ ಲೆಕ್ಕ ಹಾಕಿ. ತಿಂಗಳಿಗೆ 40,000 ರೂಪಾಯಿ ಶುಲ್ಕ, ವರ್ಷಕ್ಕೆ ಶೇ 8 ಏರಿಕೆ ಎಂದುಕೊಳ್ಳೋಣ. ಹತ್ತನೇ ವರ್ಷ ಅದು ತಿಂಗಳಿಗೆ ಸುಮಾರು 80,000 ಆಗುತ್ತದೆ. ಹತ್ತು ವರ್ಷದ ಒಟ್ಟು ಖರ್ಚು ಸುಮಾರು 69.5 ಲಕ್ಷ. ಡೆಪಾಸಿಟ್ಟಿನ ಬಡ್ಡಿಯೂ ಖರ್ಚೇ: 15 ಲಕ್ಷ ಕೊಟ್ಟರೆ, ಶೇ 7ರ ಲೆಕ್ಕದಲ್ಲಿ ತಿಂಗಳಿಗೆ 8,750 ರೂಪಾಯಿ ಕೈಬಿಟ್ಟಂತೆ. ಡೈಪರ್, ಫಿಸಿಯೋಥೆರಪಿ, ಔಷಧಿ ಶುಲ್ಕದಲ್ಲಿ ಸೇರಿರುವುದು ಕಡಿಮೆ. ಜಿಎಸ್‌ಟಿ ಸೇರಿದೆಯೇ ಕೇಳಿ. ಸ್ವಂತ ಮನೆಯಿದ್ದು ಕೈಯಲ್ಲಿ ನಗದಿಲ್ಲದವರಿಗೆ, 60 ದಾಟಿದವರು ಮನೆಯಲ್ಲೇ ಇದ್ದುಕೊಂಡು ಅದರ ಮೇಲೆ ಬ್ಯಾಂಕಿನಿಂದ ಕಂತು ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಸಾಲ 2007ರಿಂದ ಇದೆ.

ಒಪ್ಪಿಕೊಂಡ ಮೇಲೂ ಮೊದಲು ಹದಿನೈದು ದಿನದ ಪ್ರಾಯೋಗಿಕ ವಾಸ ಮಾಡಿಸಿ. ಹೋಗುವಾಗ ಅವರದೇ ಕಂಬಳಿ, ದೇವರ ಫೋಟೊ, ರೇಡಿಯೊ ಜೊತೆಗಿರಲಿ. ಮೊದಲ ಕೆಲವು ವಾರ ನಿದ್ದೆ ಕೆಡುತ್ತದೆ, ಗೊಂದಲ ಹೆಚ್ಚುತ್ತದೆ, "ಮನೆಗೆ ಕರ್ಕೊಂಡ್ ಹೋಗು" ಅನ್ನುತ್ತಾರೆ. ಅದರಿಂದ ಜಾಗ ಕೆಟ್ಟದ್ದೆಂದು ಹೇಳಲಾಗದು. ಎರಡು ತಿಂಗಳ ನಂತರವೂ ಹಾಗೇ ಇದ್ದರೆ ಮರುಯೋಚನೆ ಮಾಡಿ. ಅಷ್ಟರಲ್ಲಿ ಹಳೆಯ ಮನೆಯನ್ನು ಮಾರಬೇಡಿ, ಬಾಡಿಗೆಗೂ ಕೊಡಬೇಡಿ. ಆರು ತಿಂಗಳು ಬೀಗ ಹಾಕಿದ್ದರೆ ನಷ್ಟವೇನೂ ದೊಡ್ಡದಲ್ಲ.

ಕಾಗದಪತ್ರ

ಜಾಗ ಬದಲಿಸುವ ಹೊತ್ತಿನಲ್ಲೇ "ಹೇಗೂ ನಮ್ಮ ಜೊತೆ ಇರ್ತೀರಲ್ಲ, ಮನೆ ನಮ್ಮ ಹೆಸರಿಗೆ ಮಾಡಿ" ಎಂಬ ಮಾತು ಬರುತ್ತದೆ. ಹಿರಿಯರಿಗೆ ಹೇಳಬೇಕಾದ್ದು ಇಷ್ಟೇ: ದಾನಪತ್ರ ಬರೆದರೆ ಅಂದಿಗೇ ಆಸ್ತಿ ಹೋಯಿತು, ಉಯಿಲು ಬರೆದರೆ ಬದುಕಿರುವವರೆಗೂ ನಿಮ್ಮದೇ. ಉಯಿಲಿಗೆ ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯವಲ್ಲ, ಬೇಕೆಂದಾಗ ಬದಲಿಸಬಹುದು. ದಾನವನ್ನೇ ಕೊಡಬೇಕಾಗಿ ಬಂದರೆ "ನಮ್ಮ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯ್ದೆ 2007ರ ಸೆಕ್ಷನ್ 23ರಂತೆ ಷರತ್ತು ಮುರಿದರೆ ದಾನವನ್ನು ರದ್ದು ಮಾಡಿಸಬಹುದು. ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು 2025ರ ಜನವರಿಯಲ್ಲಿ ಇನ್ನೊಂದು ತೀರ್ಪು ಬಂತು. ಕೋರ್ಟಿನ ಉದಾರತೆಯನ್ನು ನೆಚ್ಚಿಕೊಳ್ಳುವುದಕ್ಕಿಂತ ಒಂದು ಸಾಲು ಬರೆಸುವುದು ಸುಲಭ. ಇದೇ ಕಾಯ್ದೆಯಡಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ಮಾಹಿತಿ, ಮಾರ್ಗದರ್ಶನ, ದೂರಿಗೆ ಹಿರಿಯರ ಸಹಾಯವಾಣಿ 14567 ಇದೆ.

ಮರೆವು ಶುರುವಾಗಿರುವ ಮನೆಯವರು ಇನ್ನೊಂದನ್ನು ತಿಳಿದಿರಬೇಕು. ಅಪ್ಪ ಬರೆದುಕೊಟ್ಟ ಪವರ್ ಆಫ್ ಅಟಾರ್ನಿ, ಅವರ ತಿಳಿವಳಿಕೆ ಕಾನೂನಿನ ಕಣ್ಣಲ್ಲಿ ಹೋದ ಮೇಲೆ ನಡೆಯುವುದಿಲ್ಲ. ಆಮೇಲೆ ಅವರ ಹಣದಿಂದಲೇ ಅವರ ಆರೈಕೆ ಮಾಡಲು ಹೈಕೋರ್ಟಿನಲ್ಲಿ ಪಾಲಕತ್ವ ಕೇಳಬೇಕಾಗಬಹುದು. ಬುದ್ಧಿ ಚುರುಕಾಗಿರುವಾಗಲೇ ಜಂಟಿ ಖಾತೆ, ನಾಮಿನಿ, ಉಯಿಲು ಮುಗಿಸಿ. ಕೃತಕ ಉಸಿರಾಟ ಬೇಕೇ ಬೇಡವೇ ಎಂಬ ಇಚ್ಛಾಪತ್ರವನ್ನೂ ಆಗಲೇ ಬರೆಸಬಹುದು. ಇದಕ್ಕೆ ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಸರಳಗೊಳಿಸಿದೆ. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಪಿಂಚಣಿ ಇರುವವರು ಊರು ಬದಲಿಸಿದರೂ ನವೆಂಬರಿನ ಜೀವನ ಪ್ರಮಾಣಪತ್ರವನ್ನು ಮೊಬೈಲಿನಲ್ಲೇ ಮುಖ ತೋರಿಸಿ ಕೊಡಬಹುದು.

ಆಸ್ಪತ್ರೆಯಿಂದ ನೇರವಾಗಿ ತೀರ್ಮಾನ ಬೇಡ

ಇಷ್ಟೆಲ್ಲ ಯೋಚಿಸಲು ಸಮಯ ಸಿಗುವುದು ಕಡಿಮೆ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ, "ನಾಡಿದ್ದು ಡಿಸ್ಚಾರ್ಜ್" ಎಂದಾಗ ಎಲ್ಲರೂ ಕಾರಿಡಾರಿನಲ್ಲಿ ನಿಂತು ತೀರ್ಮಾನ ಮಾಡುತ್ತಾರೆ. ಆ ಹೊತ್ತಿಗೆ ಹಿರಿಯರು ಸಾಮಾನ್ಯಕ್ಕಿಂತ ಬಹಳ ಕುಗ್ಗಿರುತ್ತಾರೆ. ಅರಿವಳಿಕೆ, ಸೋಂಕು, ನಿದ್ದೆಗೆಟ್ಟ ರಾತ್ರಿಗಳಿಂದ ಕೆಲವರಿಗೆ ಗುರುತು ಹತ್ತದಷ್ಟು ಗಲಿಬಿಲಿಯಾಗುತ್ತದೆ. ಇದು ಡಿಮೆನ್ಶಿಯಾದಂತೆ ಕಂಡರೂ ಎಷ್ಟೋ ಸಲ ದಿನಗಳಲ್ಲಿ ಅಥವಾ ವಾರಗಳಲ್ಲಿ ಇಳಿಯುತ್ತದೆ. ಆ ಸ್ಥಿತಿಯನ್ನೇ ಖಾಯಂ ಎಂದುಕೊಂಡು ಮನೆ ಮಾರಿ ಆಶ್ರಮ ಸೇರಿಸಿದವರು, ಎರಡು ತಿಂಗಳಲ್ಲಿ ಅಮ್ಮ ಎದ್ದು ಓಡಾಡಿ "ನನ್ನ ಮನೆ ಎಲ್ಲಿ" ಎಂದು ಕೇಳಿದಾಗ ಏನು ಹೇಳಬೇಕೆಂದು ತೋಚದೆ ನಿಲ್ಲುತ್ತಾರೆ. ಡಿಸ್ಚಾರ್ಜ್ ಆದ ಮೇಲೆ ನಾಲ್ಕರಿಂದ ಆರು ವಾರಕ್ಕೆ ಮಾತ್ರ ಒಂದು ತಾತ್ಕಾಲಿಕ ಏರ್ಪಾಡು ಮಾಡಿ: ಪುನಶ್ಚೇತನ ಕೇಂದ್ರ, ಅಥವಾ ಮಗಳ ಮನೆಯಲ್ಲಿ ಎರಡು ಪಾಳಿಯ ಆಯಾ ಮತ್ತು ದಿನಾ ಫಿಸಿಯೋಥೆರಪಿ. ಬಿಡುಗಡೆಗೆ ಮುಂಚೆ ವಾರ್ಡಿನ ಫಿಸಿಯೋಥೆರಪಿಸ್ಟನ್ನು ಕೇಳಿ: ಇವರು ಹಾಸಿಗೆಯಿಂದ ಕುರ್ಚಿಗೆ ಬರಲು ಒಬ್ಬರ ನೆರವು ಬೇಕೋ, ಇಬ್ಬರದೋ? ಇಬ್ಬರು ಬೇಕೆಂದರೆ ಒಬ್ಬ ಆಯಾ ಇರುವ ಮನೆಗೆ ಕರೆದೊಯ್ಯಬೇಡಿ. ಆರು ವಾರವಾದ ಮೇಲೆ ಅದೇ ನೋಟ್‌ಬುಕ್ ತೆಗೆದು ಹದಿನಾಲ್ಕು ಕೆಲಸಗಳ ಮುಂದೆ ಮತ್ತೆ ಗುರುತು ಹಾಕಿ, ಆಮೇಲೆ ಅಮ್ಮನನ್ನೂ ಕೂರಿಸಿಕೊಂಡು ಮಾತಾಡಿ.